ಎಐ ಕೈಯಲ್ಲಿದ್ದಾಗ ಶಿಕ್ಷಕರು ಬೆಳೆಯುವುದು ಹೇಗೆ?

ಮೈಸೂರು, ಮಂಡ್ಯದ ಕಡೆಯ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಈಗ ಎಐ (ಕೃತಕ ಬುದ್ಧಿಮತ್ತೆ) ಬರೆದುಕೊಟ್ಟ ಪಾಠ ಯೋಜನೆಗಳು ಓಡಾಡುತ್ತಿವೆ. ಪ್ರಶ್ನೆಪತ್ರಿಕೆ, ಶಾಲಾ ವಾರ್ಷಿಕೋತ್ಸವದ ಸ್ವಾಗತ ಭಾಷಣ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿ, ಏನು ಕೇಳಿದರೂ ಮೊಬೈಲು ನಿಮಿಷದೊಳಗೆ ಬರೆದು ಕೊಡುತ್ತದೆ. ಚಾಟ್‌ಜಿಪಿಟಿ ಜನರ ಕೈಗೆ ಸಿಕ್ಕಿದ್ದು 2022ರ ನವೆಂಬರ್ 30ರಂದು. ಆಮೇಲೆ ಜೆಮಿನಿ, ಕ್ಲಾಡ್, ಕೋಪೈಲಟ್ ಅಂತ ಇನ್ನೂ ಹಲವು ಬಂದವು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಇನ್ನೊಂದು ಸುದ್ದಿ ಹೇಳಿತು. 2026–27ನೇ ಸಾಲಿನಿಂದ 3ನೇ ತರಗತಿಯಿಂದಲೇ ಎಐ ಪಾಠ ತರುತ್ತೇವೆ ಎಂಬುದು ಅದು. ಮಕ್ಕಳಿಗೆ ಕಲಿಸುವವರು ಮೊದಲು ತಾವು ಕಲಿಯಬೇಕಲ್ವಾ?

ಎಐಯಿಂದ ಕೆಲಸ ಬೇಗ ಮುಗಿಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಪಾಠ ಮಾಡುವವರು, ಶಾಲೆ ನಡೆಸುವವರು ಇದರಿಂದ ಬೆಳೆಯುತ್ತಾರಾ ಎನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಎಐ ಎಷ್ಟು ಗೊತ್ತಿರಬೇಕೋ, ಅಭ್ಯಾಸ ಹೇಗೆ ಬೇರೂರುತ್ತದೆ ಎನ್ನುವುದೂ ಅಷ್ಟೇ ಗೊತ್ತಿರಬೇಕು.

## ಬೆಳೆಯುವುದು ಅಂದರೇನು?

ಬಡ್ತಿ, ಪ್ರಶಸ್ತಿ, ತರಬೇತಿಯ ಪ್ರಮಾಣಪತ್ರ ಇವನ್ನು ಪಕ್ಕಕ್ಕಿಡೋಣ. ಒಂದು ಸರಳ ಅಳತೆ ಸಾಕು. ಮಗು ಲೆಕ್ಕ ತಪ್ಪಿದಾಗ ಹೋದ ವರ್ಷ ಶಿಕ್ಷಕಿಗೆ “ಇವನು ಓದಿಲ್ಲ” ಅಂತಷ್ಟೇ ಅನ್ನಿಸುತ್ತಿತ್ತು. ಈ ವರ್ಷ ಅದೇ ತಪ್ಪಿನ ಹಿಂದೆ ಮಗು ಏನು ಯೋಚನೆ ಮಾಡಿದೆ ಎನ್ನುವುದು ಕಾಣುತ್ತಿದೆ. ಹಾಗಿದ್ದರೆ ಆ ಶಿಕ್ಷಕಿ ಬೆಳೆದಿದ್ದಾರೆ. ಮುಖ್ಯ ಶಿಕ್ಷಕರಿಗೂ ಸಿಆರ್‌ಪಿಗೂ (ಹತ್ತಿರದ ಹಲವು ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಇದೇ ಅಳತೆ ಹಿಡಿಯಬಹುದು. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿದಾಗ ಹಿಂದೆ ಕಾಣದೇ ಇದ್ದದ್ದು ಈಗ ಕಾಣಬೇಕು. ಅದನ್ನು ಪಾಠ ಮಾಡಿದವರಿಗೆ ಮನಸ್ಸಿಗೆ ಹಿಡಿಯುವ ಹಾಗೆ ಹೇಳಲೂ ಬರಬೇಕು.

ಈ ನೋಟ ಸುಮ್ನೆ ಬರುವುದಿಲ್ಲ. ಮೊದಲು ಗಮನಿಸಬೇಕು. ಕಾರಣ ಊಹಿಸಬೇಕು. ಒಂದು ದಾರಿ ಪ್ರಯತ್ನಿಸಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕು. ಇದರಲ್ಲಿ ಯಾವ ಕೆಲಸವನ್ನು ಎಐಗೆ ಬಿಡುತ್ತೇವೆ ಎಂಬುದರ ಮೇಲೆ ನಾವು ಬೆಳೆಯುವುದು, ನಿಂತಲ್ಲೇ ನಿಲ್ಲುವುದು ತೀರ್ಮಾನವಾಗುತ್ತದೆ.

## ಎಐ ಒಳಗೆ ನಡೆಯುವುದೇನು?

ಮೊಬೈಲಿನಲ್ಲಿ “ಊಟ” ಅಂತ ಒತ್ತಿದರೆ ಕೀಬೋರ್ಡು “ಆಯ್ತಾ” ಎಂಬ ಪದವನ್ನು ತಾನೇ ಮುಂದಿಡುತ್ತದೆ. ಹಿಂದೆ ಜನ ಯಾವ ಪದದ ಮುಂದೆ ಯಾವ ಪದ ಬರೆದಿದ್ದಾರೆ ಎನ್ನುವುದರಿಂದ ಅದು ಕಲಿತದ್ದು. ಚಾಟ್‌ಜಿಪಿಟಿಯಂಥ ಸಾಧನಗಳ ತಳಹದಿಯೂ ಇದೇ, ಆದರೆ ಬಹಳ ದೊಡ್ಡ ಪ್ರಮಾಣದಲ್ಲಿ. ಇವುಗಳಿಗೆ ಭಾಷಾ ಮಾದರಿ ಎಂದು ಹೆಸರು. ಲೆಕ್ಕವಿಲ್ಲದಷ್ಟು ಬರಹ ಓದಿಸಿ, ಮುಂದಿನ ತುಣುಕು ಯಾವುದು ಬರಬಹುದು ಎಂದು ಊಹಿಸಲು ಇವನ್ನು ಪಳಗಿಸುತ್ತಾರೆ. 2017ರಲ್ಲಿ ಗೂಗಲ್‌ನ ಸಂಶೋಧಕರು ಟ್ರಾನ್ಸ್‌ಫಾರ್ಮರ್ ಎಂಬ ರಚನೆ ಕಂಡುಹಿಡಿದರು. ಪಕ್ಕದ ಪದವೊಂದನ್ನೇ ನೋಡದೆ, ಇಡೀ ಬರಹದಲ್ಲಿ ಯಾವ ಪದಕ್ಕೂ ಯಾವ ಪದಕ್ಕೂ ನಂಟಿದೆ ಎಂದು ತೂಗುವ ಶಕ್ತಿ ಇದರಿಂದ ಬಂತು. ಆಮೇಲೆ ಮನುಷ್ಯರೇ ಕೂತು “ಈ ಉತ್ತರ ಚೆನ್ನಾಗಿದೆ, ಇದು ಬೇಡ” ಅಂತ ತಿದ್ದಿ ಮಾತುಕತೆಗೆ ಒಗ್ಗಿಸಿದರು. ನಾವು ಅದಕ್ಕೆ ಬರೆದು ಕೊಡುವ ಸೂಚನೆಗೆ ಪ್ರಾಂಪ್ಟ್ ಎನ್ನುತ್ತಾರೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಅದು ಹುಡುಕುವುದು ಹೊಂದುವ ಮಾತನ್ನು. ಹೊಂದುವ ಮಾತೆಲ್ಲ ನಿಜವಾಗಿರುವುದಿಲ್ಲ. ಮಂಡ್ಯದ ಉದಾಹರಣೆಯನ್ನೇ ನೋಡಿ. ಮಂಡ್ಯ, ನೀರಾವರಿ, ಕಾರ್ಖಾನೆ, ವಿಶ್ವೇಶ್ವರಯ್ಯ ಈ ಪದಗಳು ಎಷ್ಟೋ ಬರಹಗಳಲ್ಲಿ ಜೊತೆಜೊತೆಯಾಗೇ ಬರುತ್ತವೆ. ಹಾಗಾಗಿ “ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾದಾಗ ದಿವಾನರು ಯಾರು?” ಎಂದು ಕೇಳಿದರೆ ವಿಶ್ವೇಶ್ವರಯ್ಯ ಎಂಬ ಉತ್ತರ ಬರುವ ಸಾಧ್ಯತೆ ಇದೆ. ಓದುವಾಗ ಸರಿ ಅಂತಲೇ ಅನ್ನಿಸುತ್ತದೆ. ಆದರೆ ಆ ಕಾರ್ಖಾನೆಯ ಮೈಸೂರು ಸಕ್ಕರೆ ಕಂಪನಿ ಶುರುವಾಗಿದ್ದು 1933ರಲ್ಲಿ, ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ವಿಶ್ವೇಶ್ವರಯ್ಯನವರ ದಿವಾನಗಿರಿ 1912ರಲ್ಲಿ ಶುರುವಾಗಿ 1918ರಲ್ಲೇ ಮುಗಿದಿತ್ತು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದಾಗ ಅವರು ಮುಖ್ಯ ಎಂಜಿನಿಯರ್, ದಿವಾನರಲ್ಲ. ಎಐ ಇಂಥ ತಪ್ಪನ್ನು ತಡವರಿಸದೆ, ಪೂರ್ತಿ ಧೈರ್ಯದಿಂದ ಹೇಳುತ್ತದೆ. ಇಂಟರ್ನೆಟ್ ಹುಡುಕಿ ಉತ್ತರಿಸುವ ಸಾಧನಗಳಲ್ಲಿ ತಪ್ಪು ಕಡಿಮೆ. ಹಾಗಂತ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ.

ಕನ್ನಡದಲ್ಲಿ ಕೇಳಿದಾಗ ಎಚ್ಚರ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಕಂಪ್ಯೂಟರಿಗೆ “ಸ್ತ್ರೀ” ಎಂಬುದು ಒಂದು ಅಕ್ಷರವಲ್ಲ, ಆರು ಸಂಕೇತಗಳ ಸಾಲು. ಇಂಗ್ಲಿಷಿಗೆ ಹೋಲಿಸಿದರೆ ಇಂಟರ್ನೆಟ್ಟಿನಲ್ಲಿ ಕನ್ನಡದ ಬರಹವೂ ಕಡಿಮೆ. ಆದ್ದರಿಂದ ಮಾದರಿಗಳಿಗೆ ಕನ್ನಡದ ರೂಢಿ ಅಷ್ಟಾಗಿ ಇಲ್ಲ. ಈ ಕೊರತೆ ತುಂಬುವ ಕೆಲಸ ನಡೆಯುತ್ತಿರುವ ಜಾಗಗಳಲ್ಲಿ ನಮ್ಮ ಮೈಸೂರೂ ಒಂದು. ಮಾನಸಗಂಗೋತ್ರಿಯಲ್ಲಿರುವ, 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನದಲ್ಲಿ ಭಾರತದ ಭಾಷೆಗಳ ಬರಹ ಮತ್ತು ಮಾತಿನ ಮಾದರಿಗಳನ್ನು ಕೂಡಿಡುವ ವಿಭಾಗವೇ ಇದೆ. ಪಾಠಕ್ಕೆ ಎಐ ಬಳಸುವಾಗ ಪಠ್ಯಪುಸ್ತಕದ ಆ ಭಾಗವನ್ನೇ ಪ್ರಾಂಪ್ಟಿನಲ್ಲಿ ಹಾಕಿ, ಇದರಲ್ಲಿರುವ ಪದಗಳನ್ನೇ ಬಳಸಿ ಎಂದು ಹೇಳಿದರೆ ಭಾಷೆ ಎಷ್ಟೋ ಸುಧಾರಿಸುತ್ತದೆ.

## ಅಭ್ಯಾಸ ಬೇರೂರುವುದು ಹೇಗೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ, ಶಾಲೆಯ ಮುಖ್ಯಸ್ಥರೂ ವರ್ಷಕ್ಕೆ ಕನಿಷ್ಠ 50 ಗಂಟೆ ತಮ್ಮ ವೃತ್ತಿಯ ಕಲಿಕೆಗೆ ಕೊಡಬೇಕು ಎನ್ನುತ್ತದೆ. ಕೇಳಲು ದೊಡ್ಡದಾಗಿ ಕಾಣುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ಹೇಳುವ 220 ಶಾಲಾ ದಿನಗಳಿಗೆ ಹಂಚಿ ನೋಡಿ, ದಿನಕ್ಕೆ 14 ನಿಮಿಷವೂ ಆಗುವುದಿಲ್ಲ. ರಜೆಯಲ್ಲಿ ಒಟ್ಟಿಗೆ ಐದು ದಿನ ಕೂತು ಕೇಳುವ ತರಬೇತಿಗಿಂತ ಈ 14 ನಿಮಿಷ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ನಂಬಿಕೆ. ಮಗು ಈವತ್ತು ಮಾಡಿದ ತಪ್ಪು ಈವತ್ತೇ ಕಣ್ಣ ಮುಂದೆ ಇರುತ್ತದೆ, ಅದಕ್ಕೆ.

ಹೊಸ ಅಭ್ಯಾಸಕ್ಕೆ 21 ದಿನ ಸಾಕು ಎಂದು ಬಹಳ ಕಡೆ ಹೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಗಾರರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ಒಂದು ಕೆಲಸ ತಾನಾಗೇ ಆಗುವಷ್ಟು ರೂಢಿಯಾಗಲು ಸುಮಾರು 66 ದಿನ ಬೇಕಾಯಿತು. ಜನದಿಂದ ಜನಕ್ಕೆ, ಕೆಲಸದಿಂದ ಕೆಲಸಕ್ಕೆ ಇದು 18 ದಿನದಿಂದ 254 ದಿನದವರೆಗೂ ಹೋಗಬಹುದೆಂದು ಅವರು ಅಂದಾಜು ಮಾಡಿದರು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ತೊಂದರೆಯೇನೂ ಆಗಲಿಲ್ಲ. ಜೂನ್‌ನಲ್ಲಿ, ಹಿಂದಿನ ವರ್ಷದ ಕಲಿಕೆ ನೆನಪಿಸುವ ಸೇತುಬಂಧದ ಜೊತೆ ಶುರು ಮಾಡಿದರೆ ದಸರಾ ರಜೆಯ ಹೊತ್ತಿಗೆ ಒಂದು ಅಭ್ಯಾಸ ಬೇರೂರಬಹುದು.

ಅಭ್ಯಾಸ ಬೇರೂರಿಸಲು ಒಂದು ಉಪಾಯವಿದೆ. ಪೀಟರ್ ಗೋಲ್ವಿಟ್ಜರ್ ಎಂಬ ಮನೋವಿಜ್ಞಾನಿ 1990ರ ದಶಕದಿಂದ ಇದನ್ನು ಅಧ್ಯಯನ ಮಾಡಿದ್ದಾರೆ. “ದಿನಾ ಬರೆಯುತ್ತೇನೆ” ಎಂದುಕೊಂಡವರಿಗಿಂತ “ಇದು ಆದ ತಕ್ಷಣ ಇದನ್ನು ಮಾಡುತ್ತೇನೆ” ಎಂದು ಮೊದಲೇ ಗೊತ್ತು ಮಾಡಿಕೊಂಡವರು ಹೇಳಿದ್ದನ್ನು ಮಾಡಿ ಮುಗಿಸುವುದು ಹೆಚ್ಚು. ಹಾಗಾಗಿ ಹೊಸ ಅಭ್ಯಾಸವನ್ನು ಶಾಲೆಯಲ್ಲಿ ಹೇಗೂ ನಡೆಯುವ ಒಂದು ಕೆಲಸಕ್ಕೆ ಕಟ್ಟಿಬಿಡಬೇಕು. ಕೊನೆಯ ಪೀರಿಯಡ್ಡಿನ ಬೆಲ್ ಹೊಡೆದ ಮೇಲೆ, ಬ್ಯಾಗು ಎತ್ತಿಕೊಳ್ಳುವ ಮೊದಲು, ಆ ದಿನದ ಪಾಠದ ಬಗ್ಗೆ ಡೈರಿಯಲ್ಲಿ ಎರಡು ಸಾಲು ಬರೆಯುವುದು. ಮಕ್ಕಳಿಗೆ ಹಾಲು ಕೊಟ್ಟು ಮುಗಿದ ಮೇಲೆ ನಿನ್ನೆಯ ಆ ಎರಡು ಸಾಲು ಓದುವುದು. ಇಷ್ಟು ಚಿಕ್ಕದಿದ್ದರೆ ಬಿಟ್ಟುಹೋಗುವುದಿಲ್ಲ.

## ಉತ್ತರ ಪುಟ ತೆರೆಯುವ ಹೊತ್ತು

ಲೆಕ್ಕದ ಪುಸ್ತಕದ ಕೊನೆಯಲ್ಲಿ ಉತ್ತರಗಳಿರುತ್ತವೆ. ಲೆಕ್ಕ ಮಾಡಿ ಆಮೇಲೆ ಅಲ್ಲಿ ನೋಡಿದ ಮಗು ಕಲಿಯುತ್ತದೆ. ಮೊದಲೇ ನೋಡಿ ಬರೆದ ಮಗುವಿನ ನೋಟ್ಸೂ ಅಷ್ಟೇ ಚೆಂದ ಇರುತ್ತದೆ, ಪರೀಕ್ಷೆಯಲ್ಲಿ ಮಾತ್ರ ಕೈ ಓಡುವುದಿಲ್ಲ. ಪುಟ ಒಂದೇ, ತೆರೆದ ಹೊತ್ತು ಬೇರೆ. ಎಐ ವಿಷಯದಲ್ಲೂ ಇದೇ ಆಗುತ್ತದೆ ಅಂತ ಒಂದು ದೊಡ್ಡ ಪ್ರಯೋಗ ತೋರಿಸಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿಯಲ್ಲಿ ಸುಮಾರು 1,000 ಹೈಸ್ಕೂಲ್ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎಐ ಇಲ್ಲ. ಇನ್ನೊಂದಕ್ಕೆ ಸಾಮಾನ್ಯ ಚಾಟ್. ಮೂರನೆಯದಕ್ಕೆ ಉತ್ತರ ಹೇಳದೆ ಬರೀ ಸುಳಿವು ಕೊಡುವಂತೆ ಶಿಕ್ಷಕರ ನೆರವಿನಿಂದ ರೂಪಿಸಿದ ಎಐ. ಗಣಿತ ಅಭ್ಯಾಸ ಮಾಡುವಾಗ ಸಾಮಾನ್ಯ ಚಾಟ್ ಇದ್ದವರು ಎಐ ಇಲ್ಲದವರಿಗಿಂತ ಶೇ. 48ರಷ್ಟು ಮುಂದಿದ್ದರು, ಸುಳಿವಿನ ಗುಂಪು ಶೇ. 127ರಷ್ಟು. ಆಮೇಲೆ ಎಐ ತೆಗೆದು ಪರೀಕ್ಷೆ ಕೊಟ್ಟರು. ಸಾಮಾನ್ಯ ಚಾಟ್ ಗುಂಪು ಎಐ ಮುಟ್ಟದವರಿಗಿಂತ ಶೇ. 17ರಷ್ಟು ಕೆಳಗಿಳಿಯಿತು. ಸುಳಿವಿನ ಗುಂಪಿಗೆ ಆ ನಷ್ಟ ಆಗಲಿಲ್ಲ. ಈ ಫಲಿತಾಂಶ 2024ರಲ್ಲಿ ಹೊರಬಂತು.

ಇದು ಮಕ್ಕಳ ಮೇಲೆ ನಡೆದ ಪ್ರಯೋಗ. ಆದರೆ ದೊಡ್ಡವರ ಮೆದುಳು ಬೇರೆ ರೀತಿ ಕಲಿಯುತ್ತದೆ ಎನ್ನಲು ನನಗೆ ಕಾರಣ ಕಾಣುವುದಿಲ್ಲ. ಪಾಠ ಯೋಜನೆಯನ್ನು ದಿನಾ ಎಐ ಕೈಲೇ ಬರೆಸಿದರೆ ಯೋಜನೆ ಚೆನ್ನಾಗೇ ಇರುತ್ತದೆ. ಯೋಜನೆ ಮಾಡುವ ಶಕ್ತಿ ಮಾತ್ರ ಕಳೆಗುಂದುತ್ತದೆ.

## ಒಂದು ಪಾಠ, ಮೊದಲಿನಿಂದ ಕೊನೆವರೆಗೆ

ಹಾಗಾದರೆ ಎಐಯನ್ನು ಯಾವ ಹೊತ್ತಿಗೆ ಕರೆಯಬೇಕು? ಭಿನ್ನರಾಶಿಯ ಪಾಠವನ್ನೇ ತೆಗೆದುಕೊಳ್ಳೋಣ.

5ನೇ ತರಗತಿಯಲ್ಲಿ “1/3, 1/4 ಇವುಗಳಲ್ಲಿ ಯಾವುದು ದೊಡ್ಡದು?” ಎಂದು ಕೇಳಿದಾಗ ಹಲವು ಮಕ್ಕಳು 1/4 ಎನ್ನುತ್ತಾರೆ. ಎಐ ತೆರೆಯುವ ಮೊದಲು ಒಂದು ಚೀಟಿಯಲ್ಲಿ ನೀವೇ ಬರೆಯಿರಿ: ಮಕ್ಕಳು ಹೀಗೆ ಹೇಳಲು ಕಾರಣ ಏನಿರಬಹುದು? ಬಹುಶಃ “4 ದೊಡ್ಡದು, ಅದಕ್ಕೇ 1/4 ದೊಡ್ಡದು” ಎಂದುಕೊಂಡಿದ್ದಾರೆ ಅಂತ ಬರೆಯುತ್ತೀರಿ. ಇದು ನಿಮ್ಮ ಊಹೆ. ಈಗ ಮೊಬೈಲ್ ತೆಗೆಯಿರಿ. ಟೈಪ್ ಮಾಡಲು ಬೇಜಾರಾದರೆ ಮೈಕ್ ಒತ್ತಿ ಕನ್ನಡದಲ್ಲೇ ಹೇಳಬಹುದು.

“ನಾನು ಸರ್ಕಾರಿ ಶಾಲೆಯಲ್ಲಿ 5ನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಕೆಲವು ಮಕ್ಕಳು 1/3ಕ್ಕಿಂತ 1/4 ದೊಡ್ಡದು ಎನ್ನುತ್ತಿದ್ದಾರೆ. ಛೇದ ದೊಡ್ಡದಿರುವುದರಿಂದ ಹಾಗೆ ಅಂದುಕೊಂಡಿದ್ದಾರೆ ಎಂಬುದು ನನ್ನ ಊಹೆ. ನಾನು ಗಮನಿಸದೆ ಬಿಟ್ಟಿರುವ ಬೇರೆ ಕಾರಣ ಇದೆಯಾ? ಪಾಠ ಯೋಜನೆ ಬೇಡ. ಯಾವ ಕಾರಣ ನಿಜ ಎಂದು ತಿಳಿಯಲು ಮಕ್ಕಳಿಗೆ ಕೇಳಬಹುದಾದ ಪ್ರಶ್ನೆಗಳನ್ನಷ್ಟೇ ಕೊಡಿ.”

ಈ ಪ್ರಾಂಪ್ಟಿನಲ್ಲಿ ಏನಿದೆ ನೋಡಿ. ಯಾವ ತರಗತಿ, ಏನು ತಪ್ಪು, ನಿಮ್ಮ ಊಹೆ ಏನು, ನಿಮಗೆ ಬೇಕಾದದ್ದೇನು, ಬೇಡವಾದದ್ದೇನು. “ಭಿನ್ನರಾಶಿ ಪಾಠ ಯೋಜನೆ ಕೊಡಿ” ಎಂದು ಕೇಳಿದ್ದರೆ ಯಾವ ಊರಿಗೂ ಆಗುವ, ಹಾಗಾಗಿ ಯಾವ ಮಗುವಿಗೂ ಪೂರ್ತಿ ಹೊಂದದ ಎರಡು ಪುಟ ಬರುತ್ತಿತ್ತು.

ಉತ್ತರದಲ್ಲಿ ನೀವು ಯೋಚಿಸದೆ ಇದ್ದ ಒಂದು ಕಾರಣ ಬರಬಹುದು. ಮಗು ಎರಡು ಬೇರೆ ಬೇರೆ ಗಾತ್ರದ ರೊಟ್ಟಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬಹುದು. ದೊಡ್ಡ ರೊಟ್ಟಿಯ ಕಾಲು ಭಾಗ, ಚಿಕ್ಕ ರೊಟ್ಟಿಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇರಲು ಸಾಧ್ಯ. ಆ ಮಗುವಿನ ಯೋಚನೆ ತಪ್ಪಲ್ಲ. ಎರಡೂ ಒಂದೇ ಅಳತೆಯ ರೊಟ್ಟಿಯಿಂದ ಬರಬೇಕು ಎನ್ನುವುದನ್ನು ನಾವು ಹೇಳಿರಲಿಲ್ಲ ಅಷ್ಟೇ. ಇಂಥದ್ದು ಒಂದು ಸಿಕ್ಕರೆ ಎಐ ತೆರೆದದ್ದು ಸಾರ್ಥಕ.

ಆದರೆ ಅದು ಕೊಟ್ಟ ಪ್ರಶ್ನೆಗಳನ್ನು ಹಾಗೇ ಬೋರ್ಡಿನ ಮೇಲೆ ಬರೆಯಬೇಡಿ. “1/2, 3/4 ಇವುಗಳಲ್ಲಿ ಯಾವುದು ದೊಡ್ಡದು?” ಎಂಬ ಪ್ರಶ್ನೆ ಬಂದಿದೆ ಅಂದುಕೊಳ್ಳಿ. ನೋಡಲು ಒಳ್ಳೆಯ ಪ್ರಶ್ನೆಯೇ. ದೊಡ್ಡ ಅಂಕಿ ಇದ್ದದ್ದೇ ದೊಡ್ಡದು ಎಂದು ತಪ್ಪಾಗಿ ನಂಬಿರುವ ಮಗುವೂ ಇದಕ್ಕೆ 3/4 ಎನ್ನುತ್ತದೆ, ಉತ್ತರ ಸರಿಯಾಗಿಬಿಡುತ್ತದೆ. ತಪ್ಪು ನಂಬಿಕೆ ಒಳಗೇ ಉಳಿಯುತ್ತದೆ. 2/5, 2/7 ಕೇಳಿದರೆ ಮಾತ್ರ ಅದು ಹೊರಗೆ ಬರುತ್ತದೆ. ಇನ್ನೊಂದು ತಮಾಷೆಯ ಸಂಗತಿ ಇದೆ. “ಛೇದ ದೊಡ್ಡದಾದಷ್ಟೂ ತುಂಡು ಚಿಕ್ಕದು” ಎಂದು ನೀವು ಹೇಳಿಕೊಟ್ಟ ಮೇಲೆ ಕೆಲವು ಮಕ್ಕಳು ಅದನ್ನೇ ಎಲ್ಲ ಕಡೆಗೂ ಹಚ್ಚಿ 1/2ಕ್ಕಿಂತ 3/4 ಚಿಕ್ಕದು ಎನ್ನಲು ಶುರು ಮಾಡುತ್ತಾರೆ. ಮೊದಲ ದಿನ ಕೆಲಸಕ್ಕೆ ಬಾರದ ಅದೇ ಪ್ರಶ್ನೆ ಎರಡನೇ ವಾರ ಬಹಳ ಉಪಯೋಗಕ್ಕೆ ಬರುತ್ತದೆ. ಯಾವ ಪ್ರಶ್ನೆ ಯಾವ ದಿನಕ್ಕೆ ಎನ್ನುವುದು ಗೊತ್ತಾಗುವುದು ಮಕ್ಕಳ ಎದುರು ನಿಂತವರಿಗೆ. ಮೇಷ್ಟ್ರ ಕೆಲಸದ ಅತಿ ಸೊಗಸಾದ ಭಾಗ ಇದು, ಇದನ್ನು ಬೇರೆಯವರಿಗೆ ಬಿಟ್ಟುಕೊಡಬಾರದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಪಾಠ ಮುಗಿದ ಮೇಲೆ ಡೈರಿಯಲ್ಲಿ ಆ ಎರಡು ಸಾಲು. ಒಂದು, ನಾನು ಏನಾಗುತ್ತದೆ ಅಂದುಕೊಂಡಿದ್ದೆ. ಇನ್ನೊಂದು, ಏನಾಯಿತು. ತಿಂಗಳಾದ ಮೇಲೆ ಈ ಸಾಲುಗಳನ್ನೇ ಎಐಗೆ ಕೊಟ್ಟು “ನನ್ನ ಊಹೆ ಮತ್ತೆ ಮತ್ತೆ ಎಲ್ಲಿ ತಪ್ಪುತ್ತಿದೆ?” ಎಂದು ಕೇಳಬಹುದು. ಚದುರಿದ ಟಿಪ್ಪಣಿಗಳಲ್ಲಿ ಒಂದೇ ರೀತಿಯದ್ದನ್ನು ಹೆಕ್ಕಿ ತೋರಿಸುವುದರಲ್ಲಿ ಅದು ಚುರುಕು.

## ಮುಖ್ಯ ಶಿಕ್ಷಕರ ಮೇಜಿನ ಮೇಲೆ

ಶಾಲೆ ನಡೆಸುವವರ ಹೊತ್ತನ್ನು ತಿನ್ನುವುದು ಕಾಗದ. ಉದ್ದದ ಸುತ್ತೋಲೆಯಲ್ಲಿ ನಮ್ಮ ಶಾಲೆ ಮಾಡಬೇಕಾದದ್ದೇನು, ಯಾವ ತಾರೀಖಿನೊಳಗೆ ಎಂದು ಎಐಯಿಂದ ಹೆಕ್ಕಿಸಬಹುದು. ತಾರೀಖು ಮತ್ತು ಮೊತ್ತವನ್ನು ಮೂಲ ಕಾಗದದಲ್ಲಿ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಪತ್ರ, ವರದಿ, ನಡಾವಳಿಯ ಮೊದಲ ಕರಡು ಬರೆಸಲೂ ಬಳಸಬಹುದು. ಇಲ್ಲಿ ಉಳಿದ ಸಮಯ ತರಗತಿಗೆ ಹೋಗಿ ಕೂರಲು ಸಿಕ್ಕರೆ ಲಾಭ.

ಯೋಚನೆ ಬೇಕಾದ ಕಡೆ ಕ್ರಮ ಮತ್ತೆ ಅದೇ, ಮೊದಲು ನಾವು. ಎಸ್‌ಡಿಎಂಸಿ ಸಭೆಗೆ ಒಂದು ವಿಷಯ ತರುವ ಮೊದಲು ನಿಮ್ಮ ತೀರ್ಮಾನ ಬರೆಯಿರಿ. ಆಮೇಲೆ ಎಐಗೆ ಹೇಳಿ: “ಮಗಳನ್ನು ಈ ಶಾಲೆಗೆ ಕಳಿಸುವ ಒಬ್ಬ ರೈತ ತಾಯಿ ಇದಕ್ಕೆ ಏನು ಆಕ್ಷೇಪ ಎತ್ತಬಹುದು?” ಬರುವ ಆಕ್ಷೇಪಗಳಲ್ಲಿ ಒಂದಾದರೂ ನಿಮ್ಮ ತಲೆಗೆ ಹೊಳೆಯದೇ ಇದ್ದದ್ದು ಇರುತ್ತದೆ. ಹಾಜರಾತಿಯ ಅಂಕಿಗಳನ್ನು ಕೊಟ್ಟರೆ ಯಾವ ವಾರಗಳಲ್ಲಿ 8ನೇ ತರಗತಿ ಖಾಲಿಯಾಗುತ್ತಿದೆ ಎಂದು ಅದು ತೋರಿಸುತ್ತದೆ. ಕಬ್ಬು ಕಟಾವಿಗೆ ಹೋದರೋ, ಊರ ಹಬ್ಬವೋ, ಬಸ್ಸು ನಿಂತಿತೋ ಎನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಮನೆಗೆ ಹೋಗಿ ಜಗಲಿಯ ಮೇಲೆ ಕೂತು ಕೇಳಬೇಕು.

ಸಹೋದ್ಯೋಗಿಯ ಪಾಠ ನೋಡಿ ಬಂದಾಗ ಅಭಿಪ್ರಾಯ ಬರೆಯುವ ಕೆಲಸವನ್ನು ಮಾತ್ರ ಎಐಗೆ ಕೊಡಬೇಡಿ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ: “ಕಿಟಕಿ ಪಕ್ಕದ ಐದು ಮಕ್ಕಳಿಗೆ ಇಡೀ ಪೀರಿಯಡ್ಡಿನಲ್ಲಿ ಒಂದು ಪ್ರಶ್ನೆಯೂ ಹೋಗಲಿಲ್ಲ.” ಇಂಥ ಒಂದು ಸಾಲಿನಿಂದ ಶಿಕ್ಷಕರು ಬದಲಾಗುತ್ತಾರೆ.

## ಮಕ್ಕಳ ಹೆಸರು ಒಳಗೆ ಹೋಗಬಾರದು

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಅದರ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು. ಅವರ ವೈಯಕ್ತಿಕ ಮಾಹಿತಿ ಬಳಸಲು ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಆದ್ದರಿಂದ ಹೆಸರು, ಸ್ಯಾಟ್ಸ್ ಸಂಖ್ಯೆ (ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ), ಜಾತಿ, ಕಾಯಿಲೆ, ಫೋಟೋ ಯಾವುದನ್ನೂ ಎಐಗೆ ಹಾಕಬಾರದು. “ವಿದ್ಯಾರ್ಥಿ 1, ವಿದ್ಯಾರ್ಥಿ 2” ಎಂದರೆ ಸಾಕು. ಉತ್ತರ ಪತ್ರಿಕೆಯ ಫೋಟೋ ತೆಗೆಯುವುದಾದರೆ ಹೆಸರಿನ ಜಾಗ ಮುಚ್ಚಿ ತೆಗೆಯಿರಿ.

## ಎಚ್.ಡಿ. ಕೋಟೆಯಲ್ಲಿ ಆದದ್ದು

ಶಿಕ್ಷಕರು ಒಬ್ಬೊಬ್ಬರೇ ಮೊಬೈಲ್ ಹಿಡಿದು ಬೆಳೆಯಲು ಆಗುವುದಿಲ್ಲ. ಇದಕ್ಕೆ ಮೈಸೂರು ಜಿಲ್ಲೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಶುರುವಾಯಿತು. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳ ಮೂಲಕ ಕಲಿಸುವ ಬಗೆಯನ್ನು ನೋಡಿ ಬಂದರು. ಅದನ್ನೇ ನಕಲು ಮಾಡಲಿಲ್ಲ. ತಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು, ತರಗತಿಯಲ್ಲಿ ಬಳಸಿ ತಿದ್ದಿದರು. 2009–10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು. ಹೊರಗಿನಿಂದ ಬಂದದ್ದನ್ನು ತಮ್ಮ ಮಕ್ಕಳ ಎದುರಿಗಿಟ್ಟು ಪರೀಕ್ಷಿಸಿದ್ದೇ ಅವರ ಬಲ.

ಎಐ ಕೂಡ ಹೊರಗಿನಿಂದ ಬಂದದ್ದೇ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಇದಕ್ಕೆ ಅರ್ಧ ಗಂಟೆ ಇಡಬಹುದು. ಪ್ರತಿ ಶಾಲೆಯಿಂದ ಒಬ್ಬರು ಮೂರು ವಿಷಯ ತರಲಿ: ಎಐಗೆ ಏನು ಕೇಳಿದೆ, ಅದು ಏನು ಹೇಳಿತು, ತರಗತಿಯಲ್ಲಿ ಏನಾಯಿತು. ಒಳ್ಳೆಯ ಫೋನಿಲ್ಲದ ಶಿಕ್ಷಕರೂ ಇದರಿಂದ ಕಲಿಯಬಹುದು. ಸಿಆರ್‌ಪಿ ಆದವರು ಮೊದಲ ಎರಡಕ್ಕೆ ಐದು ನಿಮಿಷ ಕೊಟ್ಟು, ಉಳಿದ ಹೊತ್ತನ್ನೆಲ್ಲ ಮೂರನೆಯದಕ್ಕೆ ಬಿಡಲಿ. ತಪ್ಪು ಉತ್ತರ ತಂದವರಿಗೆ ಮೊದಲು ಮಾತಾಡಲು ಅವಕಾಶ ಸಿಗಲಿ, ಯಾಕೆಂದರೆ ಎಐ ಎಲ್ಲಿ ಎಡವುತ್ತದೆ ಎನ್ನುವುದು ಆ ಕ್ಲಸ್ಟರಿನ ಶಿಕ್ಷಕರಿಗೆಲ್ಲ ಒಟ್ಟಿಗೆ ತಿಳಿಯುವುದು ಅವರಿಂದಲೇ.